ಹಿಂದಿನ ಸೀಟಿನವರಿಗೂ ಬೆಲ್ಟ್ ಬೇಕು

ಕೀಲ್ಪಾಕ್: ರಜೆ ಬಂತೆಂದರೆ ಇಲ್ಲಿನ ಕನ್ನಡ ಕುಟುಂಬಗಳು ಕಾರಿನಲ್ಲಿ ಬೆಂಗಳೂರಿಗೆ ಹೊರಡುವುದುಂಟು. ಮುಂದೆ ಕುಳಿತವರು ಬೆಲ್ಟ್ ಹಾಕುತ್ತಾರೆ. ಹಿಂದೆ ಅಜ್ಜಿ, ಮೊಮ್ಮಕ್ಕಳು ಹಾಗೆಯೇ ಕೂರುತ್ತಾರೆ.

ಹೊಸ ಕಾರಿಗೆ ಐದು ನಕ್ಷತ್ರ ಸಿಕ್ಕಿದೆಯೆಂದು ನಿಶ್ಚಿಂತರಾಗುವಂತಿಲ್ಲ. 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೋಡೆಗೆ ಗುದ್ದಿಸುತ್ತಾರೆ. ಮುಂಭಾಗದ ಶೇ. 40ರಷ್ಟು ಮಾತ್ರ ಗೋಡೆಗೆ ತಾಗುತ್ತದೆ. ಮುಂದಿನ ಸೀಟಿನ ಗೊಂಬೆಗಳಿಗೆ ಬೆಲ್ಟ್ ಹಾಕಿರುತ್ತಾರೆ. ಹಿಂದಿನ ಮಕ್ಕಳ ಗೊಂಬೆಗಳನ್ನು ಮಕ್ಕಳ ಸೀಟಿನಲ್ಲಿ ಕೂರಿಸಿರುತ್ತಾರೆ. ಆ ನಕ್ಷತ್ರಗಳ ಲೆಕ್ಕ ಹೀಗೆ ಕುಳಿತವರದ್ದು.

ಕಾರು ಗಕ್ಕನೆ ನಿಂತರೂ ಬೆಲ್ಟ್ ಇಲ್ಲದ ದೇಹ ಅದೇ ವೇಗದಲ್ಲಿ ಮುಂದಕ್ಕೆ ನುಗ್ಗುತ್ತದೆ. ಮುಂದಿನ ಸೀಟಿನವರಿಗೂ ಅಪಾಯ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ತಿಳಿಸಿದ್ದರು.

ಹೊರಡುವ ಮುನ್ನ ಎಲ್ಲರ ಬೆಲ್ಟ್ ನೋಡಿ, ಆಮೇಲೆ ಗಾಡಿ ತೆಗೆಯಿರಿ.