ಪುಲ್‌-ಔಟ್ ಅಡುಗೆಮನೆ ನಲ್ಲಿ

ಪುಲ್‌-ಔಟ್ ಅಡುಗೆಮನೆ ನಲ್ಲಿ ಎಂಬುದು ಅಡುಗೆಮನೆಯ ಸಿಂಕಿಗೆ ಅಳವಡಿಸುವ ಒಂದು ಬಗೆಯ ನಲ್ಲಿ. ಇದರ ಸ್ಪ್ರೇ ತುದಿಯನ್ನು ಹೋಸ್ ಪೈಪಿನ ಸಮೇತ ಹೊರಕ್ಕೆ ಎಳೆದು ಬಳಸಿ, ಮತ್ತೆ ಸ್ವಸ್ಥಾನಕ್ಕೆ ಬಿಡಬಹುದು. ಬೆಂಗಳೂರಿನ ಉತ್ತರ ಭಾಗದ ಜಕ್ಕೂರು, ಯಲಹಂಕ, ಹೆಬ್ಬಾಳ ಮೊದಲಾದೆಡೆ ಬಳ್ಳಾರಿ ರಸ್ತೆಯ ಆಸುಪಾಸಿನಲ್ಲಿ ಎದ್ದಿರುವ ಅಪಾರ್ಟ್‌ಮೆಂಟ್‌ಗಳಲ್ಲಿ ಇಂತಹ ನಲ್ಲಿಗಳು ಬಳಕೆಯಲ್ಲಿವೆ. ಆಮದಾದ ನಲ್ಲಿಯ ಬೆಲೆಯನ್ನು ನಿರ್ಧರಿಸುವ ಅಂಶಗಳಲ್ಲಿ ಅದರ ಸುಂಕ ವರ್ಗೀಕರಣವೂ ಒಂದು. ಇಡೀ ನಲ್ಲಿಗೆ ಅನ್ವಯಿಸುವ ಸಂಕೇತವೇ ಅದರ ಬಿಡಿಭಾಗಗಳಿಗೂ ಅನ್ವಯಿಸಬೇಕೆಂದಿಲ್ಲ.

ರಚನೆ

ನಲ್ಲಿಯ ಒಡಲು ಸಾಮಾನ್ಯವಾಗಿ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಉಕ್ಕಿನದು. ಒಂದೇ ಹಿಡಿಕೆಯನ್ನು ಮೇಲೆತ್ತಿ ಎಡಬಲಕ್ಕೆ ತಿರುಗಿಸಿದರೆ ಒಳಗಿನ ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಸರಿದು ಬಿಸಿನೀರು ಮತ್ತು ತಣ್ಣೀರಿನ ಪ್ರಮಾಣವನ್ನು ಹೊಂದಿಸುತ್ತವೆ. ಈ ಬಿಲ್ಲೆಗಳಿರುವ ಕಾರ್ಟ್ರಿಜ್ ಹೆಚ್ಚಾಗಿ 35 ಅಥವಾ 40 ಮಿ.ಮೀ. ವ್ಯಾಸದ್ದಾಗಿರುತ್ತದೆ. ಹೋಸ್ ಪೈಪು ನಲ್ಲಿಯ ಕತ್ತಿನೊಳಗೆ ಹಾದು ಸಿಂಕಿನ ಕೆಳಗೆ ಇಳಿದಿರುತ್ತದೆ. ಅದಕ್ಕೆ ಕಟ್ಟಿದ ತೂಕದ ಗುಂಡು ಬಾವಿಯ ಏತದಲ್ಲಿ ಹೇರಿದ ಕಲ್ಲಿನಂತೆ ಕೆಲಸ ಮಾಡುತ್ತದೆ. ಕೈಬಿಟ್ಟೊಡನೆ ಸ್ಪ್ರೇ ತುದಿ ತಾನಾಗಿ ಹಿಂದಕ್ಕೆ ಸರಿಯುತ್ತದೆ.

ಸ್ಪ್ರೇ ತುದಿ ಮಾತ್ರ ಬಹುತೇಕ ಕ್ರೋಮ್ ಲೇಪಿತ ಪ್ಲಾಸ್ಟಿಕ್ಕಿನದು. ಅದು ಎಂಜಲು ಪಾತ್ರೆಯ ನೀರಿನಲ್ಲಿ ಮುಳುಗಿದ್ದಾಗ ಕೊಳವೆಯ ಒತ್ತಡ ಕುಸಿದರೆ ಕೊಳೆ ನೀರು ಹಿಂದಕ್ಕೆ ಹೀರಲ್ಪಡುವ ಅಪಾಯವಿದೆ. ಹಾಗಾಗಿ ಉತ್ತಮ ನಲ್ಲಿಗಳಲ್ಲಿ ನೀರನ್ನು ಒಂದೇ ದಿಕ್ಕಿಗೆ ಬಿಡುವ ಕವಾಟವಿರುತ್ತದೆ. ಅಂಗಡಿಯಲ್ಲಿ ಹೊಳಪನ್ನು ನೋಡುವವರು ಬಹಳ, ಈ ಕವಾಟವನ್ನು ವಿಚಾರಿಸುವವರು ವಿರಳ.

ಸುಂಕ ವರ್ಗೀಕರಣ

ವಿಶ್ವ ಕಸ್ಟಮ್ಸ್ ಸಂಘಟನೆಯ ಎಚ್‌ಎಸ್ ಪದ್ಧತಿ 1988ರ ಜನವರಿ 1ರಿಂದ ಜಾರಿಯಲ್ಲಿದೆ. ಇದರ ಮೊದಲ ಆರು ಅಂಕಿಗಳು ಸದಸ್ಯ ದೇಶಗಳಿಗೆಲ್ಲ ಸಮಾನ. ಭಾರತವು 1975ರ ಕಸ್ಟಮ್ಸ್ ಸುಂಕ ಅಧಿನಿಯಮದ ಮೊದಲ ಅನುಸೂಚಿಯಲ್ಲಿ ಎಂಟು ಅಂಕಿಗಳ ಸಂಕೇತವನ್ನು ಬಳಸುತ್ತದೆ. ನಲ್ಲಿ, ಕವಾಟ ಮತ್ತು ಅಂತಹ ಇತರ ಸಾಧನಗಳು 8481ನೆಯ ಶೀರ್ಷಿಕೆಗೆ ಸೇರುತ್ತವೆ.

ನೀರನ್ನು ಸಿಂಪಡಿಸುವ ಯಾಂತ್ರಿಕ ಸಾಧನಗಳಿಗೆ 8424 ಎಂಬ ಪ್ರತ್ಯೇಕ ಶೀರ್ಷಿಕೆಯೂ ಇದೆ. ಹಾಗಾದರೆ ಸ್ಪ್ರೇ ತುದಿಯುಳ್ಳ ನಲ್ಲಿ ಅಲ್ಲಿಗೆ ಸೇರಬೇಡವೇ ಎಂಬ ಪ್ರಶ್ನೆ ಸಹಜ. ಇದಕ್ಕೆ ಎಚ್‌ಎಸ್ ವಿವರಣಾ ಟಿಪ್ಪಣಿಗಳು ಉತ್ತರ ನೀಡುತ್ತವೆ: ಶವರ್ ಜಾಲರಿಯಲ್ಲಿ ಕೊನೆಗೊಳ್ಳುವ ಗಿಡ್ಡ ಕೊಳವೆಯಂತಹ ಪೂರಕ ಅಂಗಗಳಿದ್ದರೂ ಸಾಧನವು 8481ರಲ್ಲೇ ಉಳಿಯುತ್ತದೆ. ನೀರಿನ ಹರಿವನ್ನು ನಿಯಂತ್ರಿಸುವುದೇ ನಲ್ಲಿಯ ಮುಖ್ಯ ಕೆಲಸ, ಸಿಂಪಡಿಸುವುದು ಅದಕ್ಕೆ ಪೂರಕ ಎಂಬುದು ಇದರ ಹಿಂದಿನ ತರ್ಕ. ಈ ಟಿಪ್ಪಣಿಗಳು ಸ್ವತಃ ಕಾನೂನಲ್ಲ. ಆದರೆ ಸುಂಕದ ವರ್ಗೀಕರಣದಲ್ಲಿ ಎಚ್‌ಎಸ್ ಪದ್ಧತಿ ಭರವಸೆಯ ಮಾರ್ಗದರ್ಶಿಯೆಂದು ಸರ್ವೋಚ್ಚ ನ್ಯಾಯಾಲಯವು 1995ರ ವುಡ್ ಕ್ರಾಫ್ಟ್ ಪ್ರಾಡಕ್ಟ್ಸ್ ಪ್ರಕರಣದಲ್ಲಿ ಹೇಳಿದೆ. ಒಡಲು, ಹೋಸ್ ಪೈಪು ಮತ್ತು ತೂಕದ ಗುಂಡು ಬಿಡಿಬಿಡಿಯಾಗಿ ಒಂದೇ ಪೆಟ್ಟಿಗೆಯಲ್ಲಿ ಬಂದರೂ, ವ್ಯಾಖ್ಯಾನದ ಸಾಮಾನ್ಯ ನಿಯಮ 2(ಎ) ಪ್ರಕಾರ ಅದನ್ನು ಪೂರ್ಣ ನಲ್ಲಿಯೆಂದೇ ಪರಿಗಣಿಸಲಾಗುತ್ತದೆ.

ಮುಂದಿನ ಪ್ರಶ್ನೆ ಲೋಹದ್ದು. ಕಬ್ಬಿಣ ಅಥವಾ ಉಕ್ಕಿನ ನಲ್ಲಿಗೆ 8481 80 10, ಹಿತ್ತಾಳೆಯಂತಹ ಕಬ್ಬಿಣೇತರ ಲೋಹದ ನಲ್ಲಿಗೆ 8481 80 20 ಎಂಬ ಸಂಕೇತಗಳಿವೆ. ಕ್ರೋಮ್ ಲೇಪನದಿಂದ ಹಿತ್ತಾಳೆ ನಲ್ಲಿ ಉಕ್ಕಿನದಾಗುವುದಿಲ್ಲ. ಒಡಲು ಹಿತ್ತಾಳೆ, ಸ್ಪ್ರೇ ತುದಿ ಪ್ಲಾಸ್ಟಿಕ್ ಆಗಿದ್ದರೆ ವಸ್ತುವಿಗೆ ಅದರ ಪ್ರಧಾನ ಲಕ್ಷಣವನ್ನು ಕೊಡುವ ಭಾಗ ಯಾವುದೆಂದು ನೋಡಬೇಕಾಗುತ್ತದೆ. ನಲ್ಲಿಯಲ್ಲಿ ಅದು ಸಾಮಾನ್ಯವಾಗಿ ಕವಾಟವನ್ನು ಹೊತ್ತ ಒಡಲೇ. ಇತರ ದೇಶಗಳು ಆರನೆಯ ಅಂಕಿಯ ನಂತರ ತಮ್ಮದೇ ದಾರಿ ಹಿಡಿದಿವೆ. ಅಮೆರಿಕವೂ ಲೋಹದ ಮೇಲೆ ವಿಂಗಡಿಸಿದರೆ, ಯುರೋಪಿಯನ್ ಒಕ್ಕೂಟವು ಬಿಸಿನೀರು–ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಗಳಿಗೆ 8481 80 11 ಎಂಬ ಬೇರೆ ಸಂಕೇತವನ್ನೇ ಇಟ್ಟಿದೆ. ವಿದೇಶಿ ಮಾರಾಟಗಾರನ ಇನ್‌ವಾಯ್ಸ್‌ನಲ್ಲಿರುವ ಸಂಕೇತವನ್ನು ಹಾಗೆಯೇ ನಕಲು ಮಾಡುವುದು ಆದ್ದರಿಂದ ಸುರಕ್ಷಿತವಲ್ಲ.

ಬಿಡಿಭಾಗಗಳು ಪ್ರತ್ಯೇಕವಾಗಿ ಬಂದಾಗ ವಿಷಯ ಜಟಿಲವಾಗುತ್ತದೆ. ನಲ್ಲಿಗೆಂದೇ ತಯಾರಾದ ಭಾಗಗಳಿಗೆ 8481 90 ಇದೆ. ಆದರೆ ಪ್ಲಾಸ್ಟಿಕ್ ಕೊಳವೆಗಳಿಗೆ 3917, ಬಾಗುವ ಲೋಹದ ಕೊಳವೆಗಳಿಗೆ 8307 ಎಂಬ ಸ್ವಂತ ಶೀರ್ಷಿಕೆಗಳಿವೆ. ಬಿಡಿ ಸ್ಪ್ರೇ ತುದಿಯನ್ನು ನಲ್ಲಿಯ ಭಾಗವೆನ್ನಬಹುದು, 8424ರ ಸಿಂಪಡಿಸುವ ಸಾಧನವೆಂದೂ ವಾದಿಸಬಹುದು.

ಸುಂಕದ ಲೆಕ್ಕ

ಮೂಲ ಕಸ್ಟಮ್ಸ್ ಸುಂಕ, ಅದರ ಮೇಲೆ ಶೇ. 10ರ ಸಮಾಜ ಕಲ್ಯಾಣ ಮೇಲ್ತೆರಿಗೆ, ಇವೆರಡನ್ನೂ ಕೂಡಿಸಿದ ಮೌಲ್ಯದ ಮೇಲೆ ಐಜಿಎಸ್‌ಟಿ ಎಂಬ ಕ್ರಮದಲ್ಲಿ ಸುಂಕ ಬೆಳೆಯುತ್ತದೆ. ಕೇವಲ ಲೆಕ್ಕದ ರೀತಿಯನ್ನು ತೋರಿಸಲು ಮೌಲ್ಯ 10,000 ರೂ., ಮೂಲ ಸುಂಕ ಶೇ. 10, ಐಜಿಎಸ್‌ಟಿ ಶೇ. 18 ಎಂದಿಟ್ಟುಕೊಂಡರೆ 1,000, 100 ಮತ್ತು 1,998 ಸೇರಿ 3,098 ರೂ. ಆಗುತ್ತದೆ. ಮೂಲ ಸುಂಕ ಶೇ. 7.5 ಆಗಿದ್ದರೆ ಒಟ್ಟು 2,773.50 ರೂ. ಜಿಎಸ್‌ಟಿ ನೋಂದಣಿಯುಳ್ಳ ವ್ಯಾಪಾರಿಗೆ ಐಜಿಎಸ್‌ಟಿಯ ಭಾಗ ಹೂಡುವಳಿ ತೆರಿಗೆ ಜಮೆಯಾಗಿ ಮರಳುತ್ತದೆ. ಮರಳದ ವ್ಯತ್ಯಾಸ 275 ರೂ. ಮಾತ್ರ. ಒಂದು ಕಂಟೇನರ್ ತುಂಬ ನಲ್ಲಿ ತರಿಸುವವನಿಗೆ ಅದು ಸಣ್ಣ ಮೊತ್ತವಲ್ಲ.

2011ರಿಂದ ಆಮದುದಾರನೇ ಸ್ವಯಂ ನಿರ್ಧಾರದಿಂದ ಸಂಕೇತವನ್ನು ಘೋಷಿಸಬೇಕು. ಸುಂಕ ಕಡಿಮೆಯಾಗಿದ್ದರೆ 1962ರ ಕಸ್ಟಮ್ಸ್ ಅಧಿನಿಯಮದ 28ನೆಯ ಸೆಕ್ಷನ್ ಅನ್ವಯ ಎರಡು ವರ್ಷದೊಳಗೆ, ಉದ್ದೇಶಪೂರ್ವಕವಾಗಿ ವಿಷಯ ಮರೆಮಾಚಿದ್ದರೆ ಐದು ವರ್ಷದೊಳಗೆ ನೋಟಿಸು ಬರಬಹುದು. ಅಷ್ಟರಲ್ಲಿ ಸರಕು ಹಳೆಯ ದರಕ್ಕೇ ಮಾರಾಟವಾಗಿರುವುದರಿಂದ ಬಾಕಿ ಸುಂಕ ಮತ್ತು ಬಡ್ಡಿ ವ್ಯಾಪಾರಿಯ ಕೈಯಿಂದಲೇ ಹೋಗುತ್ತದೆ. ಸಂದೇಹವಿದ್ದಲ್ಲಿ ಆಮದಿಗೆ ಮೊದಲೇ ದೆಹಲಿ ಅಥವಾ ಮುಂಬಯಿಯ ಕಸ್ಟಮ್ಸ್ ಮುಂಗಡ ನಿರ್ಣಯ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ ನಿರ್ಣಯ ಪಡೆಯಬಹುದು.

ಜಕ್ಕೂರು ಪರಿಸರದಲ್ಲಿ ಬಳಕೆ

1948ರಲ್ಲಿ ಆರಂಭವಾದ ವಿಮಾನ ತರಬೇತಿ ಶಾಲೆ ಮತ್ತು ಕೆರೆಯಿಂದ ಹೆಸರಾದ ಜಕ್ಕೂರು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಬಂದಿತು. ನಗರದ ಈ ಭಾಗದಲ್ಲಿ ಕಾವೇರಿ ನೀರಿನ ಜೊತೆಗೆ ಕೊಳವೆಬಾವಿ ಮತ್ತು ಟ್ಯಾಂಕರ್ ನೀರಿನ ಅವಲಂಬನೆಯೂ ಇದೆ. ಗಡಸು ನೀರಿನ ಲವಣ ಸ್ಪ್ರೇ ರಂಧ್ರಗಳನ್ನು ಕಟ್ಟಿಹಾಕುತ್ತದೆ. ಸಿಲಿಕಾನ್ ರಂಧ್ರಗಳನ್ನು ಬೆರಳಿನಿಂದ ಉಜ್ಜಿದರೆ ಅದು ಉದುರುತ್ತದೆ. ಜಡ್ಡುಗಟ್ಟಿದ್ದರೆ ತುದಿಯನ್ನು ಬಿಚ್ಚಿ ವಿನಿಗರ್ ಬೆರೆಸಿದ ನೀರಿನಲ್ಲಿ ನೆನೆಸುವುದು ವಾಡಿಕೆ.

2024ರ ಮಾರ್ಚಿನಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿಯು ವಾಣಿಜ್ಯ ಸಂಸ್ಥೆ, ಹೋಟೆಲು, ಅಪಾರ್ಟ್‌ಮೆಂಟ್ ಮುಂತಾದೆಡೆ ನಲ್ಲಿಗಳಿಗೆ ಏರೇಟರ್ ಅಳವಡಿಸಬೇಕೆಂದು ಆದೇಶಿಸಿತು. ಪುಲ್‌-ಔಟ್ ನಲ್ಲಿಯಲ್ಲಿ ಏರೇಟರ್ ಸಾಮಾನ್ಯವಾಗಿ ಸ್ಪ್ರೇ ತುದಿಯೊಳಗೇ ಇರುವುದರಿಂದ ಪೇಟೆಯ ಸಾಧಾರಣ ಏರೇಟರ್ ಎಲ್ಲಕ್ಕೂ ಹೊಂದುವುದಿಲ್ಲ. ನಲ್ಲಿಯ ಹರಿವನ್ನು ಅಳೆಯಲು ಒಂದು ಲೀಟರಿನ ಪಾತ್ರೆ ಮತ್ತು ಗಡಿಯಾರ ಸಾಕು. ಆರು ಸೆಕೆಂಡಿನಲ್ಲಿ ತುಂಬಿದರೆ ಹರಿವು ನಿಮಿಷಕ್ಕೆ 10 ಲೀಟರ್, ಹತ್ತು ಸೆಕೆಂಡು ಬೇಕಾದರೆ 6 ಲೀಟರ್.

ಮೊದಲು ಸವೆಯುವುದು ಹೋಸ್ ಪೈಪು. ಅದನ್ನು ಬದಲಿಸುವಾಗ ಎರಡೂ ತುದಿಗಳ ಮರೆಯ ಅಳತೆಯನ್ನು ನೋಡಬೇಕು; ಅರ್ಧ ಇಂಚು ಮತ್ತು 15 ಮಿ.ಮೀ. ಮರೆಗಳು ಹೆಚ್ಚು ಬಳಕೆಯಲ್ಲಿವೆ. ವಾರ್ಷಿಕ ವಹಿವಾಟು 5 ಕೋಟಿ ರೂ. ಮೀರದ ಅಂಗಡಿಯ ಬಿಲ್ಲಿನಲ್ಲಿ ಸಂಕೇತದ ಮೊದಲ ನಾಲ್ಕು ಅಂಕಿಗಳಷ್ಟೇ ಸಾಕಾಗುವುದರಿಂದ, ಅಲ್ಲಿನ 8481ರಿಂದ ನಲ್ಲಿಯ ಲೋಹ ಯಾವುದೆಂದು ತಿಳಿಯುವುದಿಲ್ಲ. ಅದನ್ನು ಬಿಲ್ಲಿನ ವಿವರದಲ್ಲಿ ಬೇರೆಯಾಗಿ ಬರೆಸಿಕೊಳ್ಳಬೇಕಾಗುತ್ತದೆ.