ಒಂದೇ ರಿಡಿಮ್, ಹಲವು ಕಂಠ: ಜಮೈಕಾದ ಡ್ಯಾನ್ಸ್‌ಹಾಲ್ ಸಂಕಲನಗಳು

ಜಮೈಕಾದ ಡ್ಯಾನ್ಸ್‌ಹಾಲ್ ಸಂಗೀತದಲ್ಲಿ ಸಾಮಾನ್ಯವಾಗಿ ಹಾಡಿಗಿಂತ ಮೊದಲು ಸಿದ್ಧವಾಗುವುದು ರಿಡಿಮ್, ಅಂದರೆ ಬೇಸ್ ಮತ್ತು ಡ್ರಮ್ಮುಗಳನ್ನು ಆಧರಿಸಿ ನಿರ್ಮಾಪಕನು ಕಟ್ಟುವ ವಾದ್ಯಭಾಗ. ಇದು ತನ್ನದೇ ಹೆಸರಿನಿಂದ ಪ್ರಸಿದ್ಧವಾಗುತ್ತದೆ. ಯಾವೊಬ್ಬ ಗಾಯಕನ ಸ್ವತ್ತೂ ಆಗದೆ, ಹಲವರು ತಮ್ಮ ತಮ್ಮ ಸಾಹಿತ್ಯವನ್ನೂ ಧಾಟಿಯನ್ನೂ ಕೂರಿಸಲು ತೆರೆದುಕೊಂಡಿರುತ್ತದೆ. ಹೀಗೆ ಒಂದೇ ರಿಡಿಮ್ಮಿನ ಮೇಲೆ ಬೇರೆ ಬೇರೆ ಕಲಾವಿದರು ಹಾಡಿದ ಹಾಡುಗಳನ್ನು ಒಟ್ಟುಗೂಡಿಸಿದ ಆಲ್ಬಮ್ಮೇ ರಿಡಿಮ್ ಸಂಕಲನ.

ಕಿಂಗ್‌ಸ್ಟನ್ನಿನ ಬೀದಿಗಳಲ್ಲಿ ಭಾರಿ ಧ್ವನಿವರ್ಧಕಗಳನ್ನು ನಿಲ್ಲಿಸಿ ಕುಣಿತ ನಡೆಸುತ್ತಿದ್ದ ಸೌಂಡ್ ಸಿಸ್ಟಮ್ಮುಗಳು ಈ ಪದ್ಧತಿಯನ್ನು ಬೆಳೆಸಿದವು. ರೆಕಾರ್ಡಿನ ಹಿಂಬದಿಯಲ್ಲಿ ಗಾಯನವನ್ನು ತೆಗೆದ ‘ವರ್ಷನ್’ ಇರುತ್ತಿತ್ತು. ಸೆಲೆಕ್ಟರ್, ಅಂದರೆ ರೆಕಾರ್ಡುಗಳನ್ನು ಆರಿಸಿ ನುಡಿಸುವವನು, ಅದನ್ನು ಹಾಕಿದಾಗ ಡೀಜೆ, ಅಂದರೆ ಜಮೈಕಾದಲ್ಲಿ ಲಯಬದ್ಧವಾಗಿ ಮಾತು ಪೋಣಿಸುವ ಕಲಾವಿದ, ಮೈಕ್ ಹಿಡಿಯುತ್ತಿದ್ದ. 1974ರಲ್ಲಿ ರೂಪಿ ಎಡ್ವರ್ಡ್ಸ್ ಹೊರತಂದ ‘ಯಮಹಾ ಸ್ಕ್ಯಾಂಕ್’ ಅನ್ನು ಒಂದೇ ರಿಡಿಮ್ಮಿನ ಮೊದಲ ಆಲ್ಬಮ್ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. 1985ರಲ್ಲಿ ಕಿಂಗ್ ಜಮ್ಮಿ ಕ್ಯಾಸಿಯೊ ಕೀಬೋರ್ಡಿನ ಸಿದ್ಧ ಲಯವೊಂದರಿಂದ ‘ಸ್ಲೆಂಗ್ ಟೆಂಗ್’ ರೂಪಿಸಿದ ಮೇಲೆ, ವಾದ್ಯವೃಂದವಿಲ್ಲದೆಯೂ ರಿಡಿಮ್ ಕಟ್ಟಬಹುದೆಂಬುದು ಸ್ಪಷ್ಟವಾಗಿ ಡ್ಯಾನ್ಸ್‌ಹಾಲ್‌ನ ದಿಕ್ಕೇ ಬದಲಾಯಿತು.

ಈ ಪ್ರಕಾರದ ಶಕ್ತಿಯನ್ನು ಅರಿಯಲು ಸ್ಟೀವನ್ ‘ಲೆಂಕಿ’ ಮಾರ್ಸ್‌ಡೆನ್ ರಚಿಸಿದ ‘ದಿವಾಲಿ’ ರಿಡಿಮ್ಮಿಗಿಂತ ಉತ್ತಮ ಉದಾಹರಣೆ ಸಿಗಲಾರದು. 1845ರಿಂದ ಕರಾರು ಕೂಲಿಗಳಾಗಿ ಬಂದ ಭಾರತೀಯರ ಸಂತತಿ ನೆಲೆಸಿರುವ ದ್ವೀಪದಲ್ಲಿ ಹುಟ್ಟಿ, ನಮ್ಮ ದೀಪಾವಳಿಯ ಹೆಸರನ್ನೇ ಹೊತ್ತಿರುವ ಈ ರಿಡಿಮ್ಮಿನ ಜೀವಾಳ ಎಡೆಬಿಡದ ಚಪ್ಪಾಳೆ. ಗ್ರೀನ್‌ಸ್ಲೀವ್ಸ್ ಸಂಸ್ಥೆ 2002ರಲ್ಲಿ ಇದರ ಸಂಕಲನವನ್ನು ತನ್ನ ರಿದಮ್ ಆಲ್ಬಮ್ ಮಾಲೆಯಲ್ಲಿ ಪ್ರಕಟಿಸಿತು. ಇದರ ಮೇಲೆ ಶಾನ್ ಪಾಲ್ ಹಾಡಿದ ‘ಗೆಟ್ ಬಿಜಿ’ 2003ರ ಮೇ ತಿಂಗಳಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಮೊದಲ ಸ್ಥಾನಕ್ಕೇರಿತು. ವೇಯ್ನ್ ವಂಡರ್ ಅವರ ‘ನೋ ಲೆಟಿಂಗ್ ಗೋ’, ಲುಮಿಡಿ ಅವರ ‘ನೆವರ್ ಲೀವ್ ಯು’ ಹಾಡುಗಳೂ ಅದೇ ಚಪ್ಪಾಳೆಯ ಮೇಲೆ ನಿಂತು ಜನಪ್ರಿಯವಾದವು. ಶಾನ್ ಪಾಲ್ ಕುಣಿಯುವವರನ್ನು ಹುರಿದುಂಬಿಸುತ್ತ ಪದಗಳನ್ನು ಬಡಿತದೊಳಕ್ಕೆ ಒತ್ತೊತ್ತಾಗಿ ತುಂಬಿದರೆ, ವೇಯ್ನ್ ವಂಡರ್ ಸ್ವರಗಳನ್ನು ಎಳೆದು, ಅದೇ ಬಡಿತವನ್ನು ಹಿನ್ನೆಲೆಗೆ ಸರಿಸಿ, ಪ್ರೇಮಗೀತೆಯ ನಿರಾಳತೆಯನ್ನು ತರುತ್ತಾರೆ.

ಇಂಥ ಸಂಕಲನಗಳಲ್ಲಿ ಏಕತಾನತೆಯಿದೆ ಎಂಬ ಆಕ್ಷೇಪ ಹಳೆಯದು, ಆದರೆ ಅದು ಪ್ರಕಾರದ ಉದ್ದೇಶವನ್ನೇ ಗಮನಿಸುವುದಿಲ್ಲ. ವಾದ್ಯಭಾಗ ಬದಲಾಗದಿರುವುದರಿಂದಲೇ ಕಂಠದ ಗುಣ, ಪದ ಜೋಡಣೆ, ಉಸಿರಿನ ಹಿಡಿತ ಇವೆಲ್ಲ ನೇರ ಹೋಲಿಕೆಗೆ ಒಳಗಾಗುತ್ತವೆ. ಪ್ರಸಿದ್ಧ ಗಾಯಕನೂ ಹೊಸಬನೂ ಒಂದೇ ನೆಲದ ಮೇಲೆ ನಿಲ್ಲಬೇಕಾಗುತ್ತದೆ. ಕುಣಿತದ ಕೂಟಗಳಲ್ಲಿ ಸೆಲೆಕ್ಟರ್ ಒಂದೇ ರಿಡಿಮ್ಮಿನ ಹಾಡುಗಳನ್ನು ಬಡಿತ ತಪ್ಪದಂತೆ ಬೆಸೆಯುವ ‘ಜಗ್ಲಿಂಗ್’ ಕ್ರಮದಲ್ಲಿಯೂ ಇದೇ ಸ್ಪರ್ಧೆ ನಡೆಯುತ್ತದೆ. ಆದ್ದರಿಂದ ಹೊಸದಾಗಿ ಕೇಳುವವರು ಸಂಕಲನದಿಂದ ಒಂದೇ ಹಾಡನ್ನು ಆರಿಸಿಕೊಳ್ಳದೆ, ಮೂರು ನಾಲ್ಕನ್ನಾದರೂ ಸಾಲಾಗಿ ಕೇಳಬೇಕು.