ಊರಿಗೆ ಒಯ್ಯುವ ಫಿಲಂ ರೋಲ್: ಇರಲಿ ಜೋಪಾನ

ದುಬೈ: ರಜೆಗೆ ಊರಿಗೆ ಹೊರಡುವ ಮಕ್ಕಳು ಅಪ್ಪನ ಹಳೆಯ ಫಿಲಂ ಕ್ಯಾಮೆರಾವನ್ನೂ ಬ್ಯಾಗಿಗೆ ಸೇರಿಸುತ್ತಿದ್ದಾರೆಯೇ? ಹಾಗಾದರೆ ಒಂದು ಲೆಕ್ಕ ನೆನಪಿರಲಿ. ಒಂದು ರೋಲ್‌ಗೆ 36 ಚಿತ್ರ. ಅಜ್ಜಿಯ ಜತೆ ತೆಗೆದದ್ದು ಹಾಳಾದರೆ ಮುಂದಿನ ರಜೆವರೆಗೆ ಕಾಯಬೇಕು.

ಬಿಸಿಲಿನ ಅಂಗಳಕ್ಕೆ ಕೊಡಾಕ್ ಗೋಲ್ಡ್ 200 ಸಾಕು. ಪಡಸಾಲೆಯ ಮಂದ ಬೆಳಕಿಗೆ 400ರ ಫಿಲಂ ಒಳ್ಳೆಯದು. ಕಪ್ಪು-ಬಿಳುಪು ಬೇಕಿದ್ದರೆ ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಇದೆ. ಕೊಳ್ಳುವಾಗ ಡಬ್ಬಿಯ ಮೇಲಿನ ಅವಧಿ ನೋಡಿ.

ಫಿಲಂಗೆ ಶಾಖವೇ ಶತ್ರು. ಇಲ್ಲಿನ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಲೇಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಹೊರತೆಗೆದ ಮೇಲೆ ಒಂದೆರಡು ಗಂಟೆ ಡಬ್ಬಿ ತೆರೆಯಬೇಡಿ. ತೆರೆದರೆ ಫಿಲಂ ಮೇಲೆ ತೇವ ಕೂರುತ್ತದೆ.

ದೊಡ್ಡ ಅಪಾಯ ಇರುವುದು ವಿಮಾನ ನಿಲ್ದಾಣದಲ್ಲಿ. ಚೆಕ್-ಇನ್ ಲಗೇಜಿನಲ್ಲಿ ಫಿಲಂ ಹಾಕಲೇಬಾರದು. ಅಲ್ಲಿನ ಎಕ್ಸ್‌ರೇ ತೀವ್ರ. ಕೈಚೀಲ ನೋಡುವ ಹೊಸ ಸಿ.ಟಿ. ಸ್ಕ್ಯಾನರ್ ಕೂಡ ಒಂದೇ ಬಾರಿಗೆ ಫಿಲಂ ಕೆಡಿಸಬಹುದು. ರೋಲ್‌ಗಳನ್ನು ಪಾರದರ್ಶಕ ಚೀಲದಲ್ಲಿಟ್ಟು, ಕೈಯಿಂದಲೇ ಪರಿಶೀಲಿಸುವಂತೆ ಸಿಬ್ಬಂದಿಯನ್ನು ವಿನಂತಿಸಿ. ಒಪ್ಪುವುದು ಬಿಡುವುದು ಅವರ ಇಚ್ಛೆ.

ಆದ್ದರಿಂದ ಊರಲ್ಲಿ ತೆಗೆದದ್ದನ್ನು ಮರಳುವ ಮುನ್ನ ಅಲ್ಲೇ ತೊಳೆಸುವುದು ಜಾಣತನ. ತೊಳೆದ ಫಿಲಂಗೆ ಎಕ್ಸ್‌ರೇ ಭಯವಿಲ್ಲ. ಬಣ್ಣದ ನೆಗೆಟಿವ್ ಫಿಲಂ ತೊಳೆಯುವುದು ಸುಮಾರು 38 ಡಿಗ್ರಿ ಸೆಲ್ಸಿಯಸ್‌ನ ಸಿ-41 ವಿಧಾನದಲ್ಲಿ. ಕಪ್ಪು-ಬಿಳುಪಿನ ರಾಸಾಯನಿಕವೇ ಬೇರೆ. ಲ್ಯಾಬ್‌ಗೆ ಕೊಡುವಾಗ ಯಾವುದೆಂದು ಸ್ಪಷ್ಟವಾಗಿ ಹೇಳಿ.

ಸ್ಕ್ಯಾನ್ ಮೊಬೈಲ್‌ಗೆ ಬಂತೆಂದು ನೆಗೆಟಿವ್ ಮರೆತು ಬರಬೇಡಿ. ಅದೇ ಮೂಲ ದಾಖಲೆ, ಉಳಿದದ್ದೆಲ್ಲ ನಕಲು.